ನೆಟ್ಟಗೆ ಕಟ್ಟಿದ ಕೈ

ನಮ್ಮ ಮನೆಯ ಕಿಟಕಿಯ ಸರಳಿಗೆ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ, ಒಂದು ಎಕ್ಸ್‌ರೇ ಹಾಳೆ ಸಿಕ್ಕಿಸಿಟ್ಟಿದ್ದೇನೆ. ನನ್ನದೇ ಬಲ ಮೊಣಕೈಯ ಚಿತ್ರ. ಸೊಸೆ ಎರಡು ಸಲ ಅದನ್ನು ತೆಗೆದು ಬೀರುವಿನ ಮೇಲೆ ಹಾಕಿದಳು. "ಮಾವ, ಬಂದೋರೆಲ್ಲ ಮೊದ್ಲು ಅದನ್ನೇ ನೋಡ್ತಾರೆ. ದೇವರ ಫೋಟೋ ಪಕ್ಕದಾಗೆ ಮೂಳೆ ತೂಗಾಕವ್ರೆ ಅಂತಾರೆ" ಎಂದು ಗೊಣಗಿದಳು. ಅವಳ ಮಾತು ಸುಳ್ಳಲ್ಲ. ಆದರೂ ಎರಡು ಸಲವೂ ನಾನು ಸ್ಟೂಲು ಹತ್ತಿ ಅದನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದೆ. ಕೈಗೆ ಬ್ಯಾಂಡೇಜು ಹಾಕಿಸಿಕೊಂಡ ಎಪ್ಪತ್ತೆರಡರ ಮುದುಕ ಸ್ಟೂಲು ಹತ್ತುವುದನ್ನು ಕಂಡ ಮೇಲೆ ಮೂರನೆಯ ಸಲ ಅವಳು ಆ ಗೋಜಿಗೆ ಹೋಗಲಿಲ್ಲ.

ಬೆಳಗಿನ ಬಿಸಿಲು ಆ ಕಿಟಕಿಗೆ ಬಿದ್ದಾಗ ನೀವು ನೋಡಬೇಕು. ತೋಳಿನ ಒಂದೇ ಮೂಳೆ ಮೇಲಿಂದ ಇಳಿದು ಬರುತ್ತದೆ. ಮುಂಗೈಯ ಎರಡು ಮೂಳೆಗಳು ಕೆಳಗಿಂದ ಬಂದು ಅದನ್ನು ಕೂಡುತ್ತವೆ. ಮೇಲಿನ ಮೂಳೆಯ ತುದಿ ಬಾವಿಯ ರಾಟೆಯ ಹಾಗೆ ನಡುವೆ ತಗ್ಗಾಗಿದೆ. ಕಿರುಬೆರಳ ಕಡೆಯ ಮೂಳೆಯ ತುದಿ ಕೊಕ್ಕೆಯ ಹಾಗೆ ಬಾಗಿ ಆ ರಾಟೆಯನ್ನು ಹಿಡಿದುಕೊಂಡಿದೆ. ಆ ಕೊಕ್ಕೆಯಲ್ಲೇ ನನ್ನ ಬಿರುಕು. ರಾಟೆಗೂ ಕೊಕ್ಕೆಗೂ ನಡುವೆ ಒಂದು ಸಣ್ಣ ಕಪ್ಪು ಗೆರೆ. ಹಾಳೆಯಲ್ಲಿ ಖಾಲಿ ಕಂಡರೂ ಅದು ಖಾಲಿಯಲ್ಲ. ಅಲ್ಲಿ ಮೃದ್ವಸ್ಥಿ ಇದೆ, ಎಣ್ಣೆಯಂಥ ರಸ ಇದೆ. ಆ ಗೆರೆ ಇರುವವರೆಗೆ ಕೈ ಮಡಚುತ್ತದೆ. ಅದು ಮುಚ್ಚಿಹೋದರೆ ಮೂರು ಮೂಳೆಗಳೂ ಕೂಡಿ ಒಂದು ಕೋಲಾಗುತ್ತವೆ. ನನ್ನ ತಂಗಿ ಗಂಗಮ್ಮನ ಬಲಗೈ ಹಾಗೆ ಕೋಲಾಗಿ ಐವತ್ತನಾಲ್ಕು ವರ್ಷವಾಯಿತು. ಅದನ್ನು ಕೋಲು ಮಾಡಿದವನು ನಾನು. ಇದನ್ನು ಬರೆಯಲು ಕೂತಿರುವುದೂ ಅದಕ್ಕೇ.

ನಾನು ಬಿದ್ದದ್ದು ಹೇಳಿಕೊಳ್ಳುವಂಥ ರೀತಿಯಲ್ಲೇನೂ ಅಲ್ಲ. ಮರ ಹತ್ತಿರಲಿಲ್ಲ, ಮಧುಗಿರಿಯ ಕೋಟೆ ಬೆಟ್ಟವನ್ನೂ ಹತ್ತಿರಲಿಲ್ಲ. ಮನೆಯ ಮುಂದಿನ ನಲ್ಲಿಯ ಹತ್ತಿರ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿದೆ, ಕೈ ಊರಿದೆ, ಅಷ್ಟೇ. ಆಸ್ಪತ್ರೆಯಲ್ಲಿ ನನ್ನ ಮೊಮ್ಮಗನ ವಯಸ್ಸಿನ ಡಾಕ್ಟರು ಮೊಣಕೈಯನ್ನು ಮಡಚಿಸಿ, ಹಾಗೇ ಮಡಚಿದ ಭಂಗಿಯಲ್ಲೇ ಬ್ಯಾಂಡೇಜು ಹಾಕಿ, ಕೊರಳಿಗೆ ಪಟ್ಟಿ ಕಟ್ಟಿ ತೂಗುಹಾಕಿದರು. ಗೊತ್ತಿದ್ದೂ ಕೇಳಿದೆ: "ಯಾಕೆ ಸಾರ್, ಮಡಚಿ ಕಟ್ಟಿದ್ರಿ?"

"ಅಜ್ಜಾ, ಮೊಣಕೈ ಬಲು ಬೇಗ ಹಿಡ್ಕೊಳ್ಳೋ ಕೀಲು. ಅಕಸ್ಮಾತ್ ಹಿಡ್ಕೊಂಡ್ರೂ ಊಟ ಮಾಡೋದಕ್ಕಾದ್ರೂ ಕೈ ಬರ್ಲಿ ಅಂತ."

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಹೇಳಿದವನಿಗೆ ಓದು ಬರುತ್ತಿರಲಿಲ್ಲ.

ನಮ್ಮಪ್ಪ ನಂಜಪ್ಪ ಮೂಳೆ ಕಟ್ಟುತ್ತಿದ್ದ. ಕೊರಟಗೆರೆ, ಶಿರಾ, ಪಾವಗಡ, ಎಲ್ಲ ಕಡೆಯಿಂದ ಕೈಕಾಲು ಮುರಿದುಕೊಂಡವರು ಎತ್ತಿನ ಗಾಡಿಯಲ್ಲಿ ನಮ್ಮ ಮನೆಯ ಮುಂದೆ ಬಂದು ಇಳಿಯುತ್ತಿದ್ದರು. ಶಿರಾದ ಸಾಬರೊಬ್ಬರು ಅಪ್ಪನನ್ನು "ಹಡ್ಡಿ ಮಾಸ್ತರ್" ಎಂದು ಕರೆಯುತ್ತಿದ್ದರು. ಪಾವಗಡದ ಕಡೆಯ ತೆಲುಗಿನವರ ಬಾಯಲ್ಲಿ ಅಪ್ಪ "ಎಮುಕಲ ನಂಜಪ್ಪ". ಎರಡರ ಅರ್ಥವೂ ಮೂಳೆಯೇ. ಜಗಲಿಯ ಮೇಲೆ ಬಿದಿರ ದಬ್ಬೆಗಳು, ಹಳೆಯ ಪಂಚೆ ಹರಿದ ಪಟ್ಟಿಗಳು, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು. ಆ ಹಸಿ ವಾಸನೆ ನನ್ನ ಬಾಲ್ಯದ ವಾಸನೆ. ಬೇರೆ ಮಕ್ಕಳ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರೆ ಎಂದು ನನಗೆ ತಿಳಿದದ್ದೇ ತಡವಾಗಿ.

ಅಪ್ಪ ಪಾಠ ಹೇಳಿಕೊಡುತ್ತಿದ್ದದ್ದು ಕುರಿಮೂಳೆಯಲ್ಲಿ. ಮರಿ ಕೊಯ್ದ ಹಬ್ಬದ ಮಾರನೆಯ ದಿನ ಮೂಳೆಗಳನ್ನೆಲ್ಲ ಕುದಿಸಿ, ತೊಳೆದು, ಒಣಗಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ಚೀಲದೊಳಗೆ ಕೈ ಹಾಕಿ, ಸಿಕ್ಕಿದ್ದು ಯಾವ ಮೂಳೆ, ಎಡದ್ದೋ ಬಲದ್ದೋ, ಮೇಲಿನ ತುದಿ ಯಾವುದು ಎಂದು ಹೇಳಬೇಕು. "ಕಣ್ಣಿಗೆ ಮೂಳೆ ಕಾಣಾಕಿಲ್ಲ ಕಣ್ಲಾ. ಮೇಲೆ ಚರ್ಮ ಐತೆ, ಮಾಂಸ ಐತೆ. ಬೆರಳಿಗೇ ಕಣ್ಣು ಬರಬೇಕು" ಎನ್ನುತ್ತಿದ್ದ. ತಪ್ಪು ಹೇಳಿದರೆ ಅದೇ ಮೂಳೆಯಿಂದ ನನ್ನ ಮಂಡಿಗೆ ಮೆಲ್ಲಗೆ ಕುಟ್ಟುತ್ತಿದ್ದ. ಹಬ್ಬದ ದಿನ ನಾವೆಲ್ಲ ನಲ್ಲಿಮೂಳೆಯನ್ನು ಕಚ್ಚಿ ಹೀರುವಾಗ ಅಪ್ಪ ಆ ಕಡೆ ನೋಡುತ್ತಲೂ ಇರಲಿಲ್ಲ. ಅವನೊಬ್ಬ ಮೂಳೆಗೆ ಹಲ್ಲು ಸೋಕಿಸಿದವನಲ್ಲ.

ಅಪ್ಪನ ಕೆಲಸದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಮೊಣಕೈ ಕಳಚಿಕೊಂಡವರು ಬಂದರೆ, ಎಳೆದು ಕೂರಿಸಿದ ಮೇಲೆ, ಕಟ್ಟುವುದಕ್ಕೆ ಮುಂಚೆ, ಅದೇ ಕೈಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದ. ತಾನೇ ಕೈ ಹಿಡಿದು ನಿಧಾನವಾಗಿ ಬಾಯಿಯವರೆಗೆ ಒಯ್ದು ತಿನ್ನಿಸುತ್ತಿದ್ದ. ಆಮೇಲೆ ಸ್ವಲ್ಪ ಇಳಿಸಿ, ಮಡಚಿದ ಹಾಗೇ ದಬ್ಬೆ ಇಟ್ಟು ಕಟ್ಟುತ್ತಿದ್ದ. ಬೆಲ್ಲ ಬಾಯಿಗೆ ಹೋಗದಿದ್ದರೆ ಕಟ್ಟುತ್ತಿರಲಿಲ್ಲ, ಮತ್ತೆ ಕೂರಿಸುತ್ತಿದ್ದ. "ಯಾವ ಕೀಲು ಕೆಟ್ರೂ ಮನುಷ್ಯ ಬದುಕ್ತಾನೆ. ಕೈ ಬಾಯಿಗೆ ಬರ್ದೇ ಹೋದ್ರೆ ಪರರ ಕೈ ನೋಡ್ತಾನೆ" ಎಂದು ಒಮ್ಮೆ ಹೇಳಿದ್ದ. ನಾನು ಅದನ್ನು ಮಕ್ಕಳ ಅಳು ನಿಲ್ಲಿಸಲು ಕೊಡುವ ಸಿಹಿ ಎಂದುಕೊಂಡಿದ್ದೆ. ದೊಡ್ಡವರಿಗೆ ಯಾಕೆ ಕೊಡುತ್ತಾನೆ ಎಂದು ಯೋಚಿಸಲಿಲ್ಲ. ಅದೊಂದು ಶಾಸ್ತ್ರವಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ನಾನು ಹೈಸ್ಕೂಲು ಸೇರಿದೆ. ಅಲ್ಲಿ ಬಟ್ಟೆಗೆ ಅಂಟಿಸಿದ ಅಸ್ಥಿಪಂಜರದ ಚಾರ್ಟು ಇತ್ತು. ಇನ್ನೂರ ಆರು ಮೂಳೆಗಳು. ತಲೆಬುರುಡೆ, ಎದೆಮೂಳೆ, ಹನ್ನೆರಡು ಜೊತೆ ಪಕ್ಕೆಲುಬು, ಬೆನ್ನುಮೂಳೆಯ ಸರಪಳಿ. ಕುತ್ತಿಗೆಯಲ್ಲಿ ತಿರುಗಣಿ ಕೀಲು, ಭುಜದಲ್ಲಿ ಚೆಂಡು ಮತ್ತು ಗುಣಿ ಕೀಲು, ಮೊಣಕೈಯಲ್ಲಿ ಬಿಜಾಗರಿ ಕೀಲು. ಎಲ್ಲವನ್ನೂ ಉರುಹೊಡೆದೆ. ಮನೆಗೆ ಬಂದು ಅಪ್ಪನನ್ನು ತಿದ್ದಿದೆ. ಭುಜದ ಕೀಲನ್ನು ಅಪ್ಪ "ಒರಳು ಗುಂಡು" ಎನ್ನುತ್ತಿದ್ದ.

"ಒರಳಲ್ಲಪ್ಪ ಅದು, ಗುಣಿ."

"ಒರಳೂ ಗುಣೀನೇ ಅಲ್ವೇನ್ಲಾ?" ಎಂದು ಅಪ್ಪ ನಕ್ಕ. ನಾನು ನಗಲಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದವನು ನಮ್ಮ ವಠಾರಕ್ಕೆ ನಾನೊಬ್ಬನೇ. ಮುಖದಲ್ಲಿ ಸದಾ ಒಂದು ಗಾಂಭೀರ್ಯ ಇಟ್ಟುಕೊಂಡು ಓಡಾಡುತ್ತಿದ್ದೆ. ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ಆ ಬೇಸಿಗೆ ಅಪ್ಪ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿಗೆ ಹೋಗಿದ್ದ. ಅಲ್ಲಿ ಯಾರದೋ ತೊಡೆಮೂಳೆ ಮುರಿದಿತ್ತು. ತೊಡೆಯದು ಮೈಯಲ್ಲೇ ದೊಡ್ಡ ಮೂಳೆ, ಬೇಗ ಕೂಡುವುದಿಲ್ಲ, ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಅಪ್ಪ ಹೋದ ಮೂರನೆಯ ದಿನ ಹನ್ನೊಂದು ವರ್ಷದ ತಂಗಿ ಗಂಗಿ ಹುಣಸೆಮರದಿಂದ ಬಿದ್ದಳು. ಬಲ ಮೊಣಕೈ ಕಳಚಿ ಹಿಂದಕ್ಕೆ ಉಬ್ಬಿ ನಿಂತಿತ್ತು. ಅವ್ವ ಮಧುಗಿರಿಯ ಆಸ್ಪತ್ರೆಗೆ ಕರೆದೊಯ್ಯೋಣ ಎಂದಳು. "ನಾನಿಲ್ವಾ?" ಎಂದೆ.

ಎಳೆದೆ. ಟಕ್ಕೆಂದು ಕೂತಿತು. ಆ ಸದ್ದು ಕೇಳಿ ನನಗಾದ ಹೆಮ್ಮೆಯನ್ನು ಇಂದಿಗೂ ಮರೆಯಲಾರೆ. ಅವ್ವ ಒಳಗಿನಿಂದ ಬೆಲ್ಲ ತಂದಳು. "ತಿನ್ನಿಸಲಾ ಮೊದ್ಲು. ನಿಮ್ಮಪ್ಪ ತಿನ್ನಿಸ್ತಾನಲ್ಲ."

"ಅದೆಲ್ಲ ಯಾಕವ್ವಾ? ಪುಸ್ತಕದಾಗೆ ಹೆಂಗೈತೋ ಅಂಗೇ ಕಟ್ಬೇಕು" ಎಂದೆ.

ಪುಸ್ತಕದಲ್ಲಿ, ಚಾರ್ಟಿನಲ್ಲಿ, ಅಸ್ಥಿಪಂಜರದ ಕೈಗಳು ನೆಟ್ಟಗೆ ಕೆಳಕ್ಕೆ ಇಳಿಬಿದ್ದಿದ್ದವು. ಮೂಳೆ ಇರಬೇಕಾದದ್ದು ಹಾಗೆ ಎಂದು ನಾನು ನಂಬಿದ್ದೆ. ಅಸ್ಥಿಪಂಜರ ಉಣ್ಣುವುದಿಲ್ಲ, ತಲೆ ಬಾಚಿಕೊಳ್ಳುವುದಿಲ್ಲ, ಅದರ ಕೈ ನೆಟ್ಟಗಿದ್ದರೂ ನಡೆಯುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಕಂಕುಳಿಂದ ಮಣಿಕಟ್ಟಿನವರೆಗೆ ನಾಲ್ಕು ಉದ್ದ ದಬ್ಬೆ ಇಟ್ಟು, ಕೋಲಿನ ಹಾಗೆ ನೆಟ್ಟಗೆ, ಬಿಗಿಯಾಗಿ ಕಟ್ಟಿದೆ. ಅವ್ವ ಕೈಯಲ್ಲಿದ್ದ ಬೆಲ್ಲವನ್ನು ಏನು ಮಾಡಬೇಕೋ ತಿಳಿಯದೆ ಗಂಗಿಯ ಎಡಗೈಗೆ ಕೊಟ್ಟಳು. ಅವಳು ಎಡಗೈಯಲ್ಲೇ ತಿಂದಳು. ಅದೇ ಮೊದಲು.

ಕಟ್ಟಿದ ಎರಡು ವಾರಕ್ಕೆ ಒಳಗೆ ಕಡಿತ ಶುರುವಾಯಿತು. ಒಂದು ಮಧ್ಯಾಹ್ನ ಗಂಗಿ ಪೊರಕೆಕಡ್ಡಿಯನ್ನು ಕಟ್ಟಿನೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದಳು. ನಾನು ಕಿತ್ತುಕೊಂಡು ಬೈದೆ. ಅಷ್ಟೇ ನಡೆದದ್ದು. ಪೊರಕೆಕಡ್ಡಿಯಿಂದ ಚರ್ಮ ಗೀರಬಹುದು, ಕೀಲು ಹಿಡಿದುಕೊಳ್ಳುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು.

ಅಪ್ಪ ಬಂದದ್ದು ನಲವತ್ತು ದಿನ ಕಳೆದ ಮೇಲೆ. ಬಂದವನೇ ಕಾಲು ತೊಳೆಯದೆ ಕಟ್ಟು ಬಿಚ್ಚಿದ. ಗಂಗಿಯ ಅಂಗೈಯಲ್ಲಿ ಬೆಲ್ಲ ಇಟ್ಟು "ತಿನ್ನವ್ವಾ" ಎಂದ. ಕೈ ಭುಜದಿಂದ ಇಡಿಯಾಗಿ ಮೇಲೆದ್ದಿತು. ಬೆಲ್ಲ ಅವಳ ಮುಖದಿಂದ ಒಂದು ಮೊಳ ದೂರದಲ್ಲಿ, ಬೇರೆ ಯಾರಿಗೋ ಕೊಡುತ್ತಿರುವ ಹಾಗೆ, ಗಾಳಿಯಲ್ಲಿ ನಿಂತಿತು. ಅವಳು ಕತ್ತು ಚಾಚಿದಳು, ಬಾಯಿ ತೆರೆದಳು. ಸಿಗಲಿಲ್ಲ. ಆಟವೆಂದುಕೊಂಡು ನಕ್ಕಳು ಕೂಡ.

ಅಪ್ಪ ಮೊಣಕೈಯನ್ನು ಬೆರಳಿಂದ ಒತ್ತಿ ಒತ್ತಿ ನೋಡಿದ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಉದ್ದನೆಯ ದಬ್ಬೆಗಳನ್ನು ನೋಡಿದ. "ಯಾಕ್ಲಾ ಇಂಗಾಯ್ತು?"

"ಅವ್ಳು ಕಡ್ಡಿ ಹಾಕ್ಕೊಂಡು ಕೆರ್ಕೊಂಡ್ಬುಟ್ಳಪ್ಪ. ಒಳಗೆ ಕದಲೋಗೈತೆ."

ಗಂಗಿಯ ನಗು ನಿಂತಿತು. "ಒಂದೇ ಸಲ ಕಣಪ್ಪಾ" ಎಂದಳು. "ಕಡೀತಿತ್ತು ಕಣಪ್ಪಾ." ಆಮೇಲೆ ಅಳತೊಡಗಿದಳು.

ಅಪ್ಪ ಅವಳನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಆರು ತಿಂಗಳು ದಿನವೂ ಹರಳೆಣ್ಣೆ ನೀವಿ ಕೈ ಮಡಚಲು ನೋಡಿದ. ಮಡಚಲಿಲ್ಲ. ನಾನು ಕಟ್ಟಿದ ದಬ್ಬೆಗಳು ಮೊದಲ ದಿನವೇ ನೀರೊಲೆಗೆ ಹೋಗಿದ್ದವು. ಕುರಿಮೂಳೆಯ ಚೀಲವನ್ನು ಅಪ್ಪ ಮತ್ತೆ ನನ್ನ ಮುಂದೆ ತೆರೆಯಲಿಲ್ಲ.

ನನಗೆ ಕೊರಟಗೆರೆಯ ಕಡೆಯ ಒಂದು ಹೈಸ್ಕೂಲಿನಲ್ಲಿ ಜವಾನನ ಕೆಲಸ ಸಿಕ್ಕಿತು. ವಿಜ್ಞಾನದ ಪಾಠಕ್ಕೆ ಚಾರ್ಟು ತಂದು ಮೊಳೆಗೆ ನೇತುಹಾಕುವುದೂ ನನ್ನ ಕೆಲಸವೇ. ವರ್ಷಕ್ಕೊಮ್ಮೆ ಆ ಅಸ್ಥಿಪಂಜರ ಹೊರಗೆ ಬರುತ್ತಿತ್ತು. ಮಕ್ಕಳು ಅಂಗಿ ಎತ್ತಿ ತಮ್ಮ ಪಕ್ಕೆಲುಬು ಎಣಿಸಿಕೊಂಡು, ಲೆಕ್ಕ ತಪ್ಪಿ, ಪಕ್ಕದವನದನ್ನು ಎಣಿಸಿ ಕಚಗುಳಿ ಇಟ್ಟು ಪೆಟ್ಟು ತಿನ್ನುತ್ತಿದ್ದರು. ಹುಟ್ಟಿದ ಮಗುವಿನಲ್ಲಿ ದೊಡ್ಡವರಿಗಿಂತ ಹೆಚ್ಚು ಮೂಳೆ ಇರುತ್ತವೆ, ಬೆಳೆಯುತ್ತ ಕೆಲವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ತಲೆಬುರುಡೆಯವು ಬೆಸೆಯಲೇಬೇಕು, ಕೈಕಾಲಿನ ಕೀಲಿನವು ಬೆಸೆಯಲೇಬಾರದು ಎಂದು ಮೇಷ್ಟ್ರು ಹೇಳುವಾಗ ನಾನು ಗಂಟೆ ಹೊಡೆಯುವ ನೆಪ ಮಾಡಿಕೊಂಡು ಹೊರಗೆ ಹೋಗುತ್ತಿದ್ದೆ. ಒಂದು ಮಳೆಗಾಲದಲ್ಲಿ ಚಾರ್ಟನ್ನು ಇಲಿ ತಿಂದಿತು. ಬಲಗೈಯನ್ನೇ ತಿಂದಿತು ಎಂದು ಬರೆದರೆ ನೀವು ತಲೆದೂಗಬಹುದು. ಅದು ತಿಂದದ್ದು ಎಡಪಾದವನ್ನು. ಸುಳ್ಳು ಹೇಳಿದ್ದು ಒಂದು ಜನ್ಮಕ್ಕಾಗುವಷ್ಟು ಆಗಿದೆ.

ಗಂಗಿಗೆ ಬಂದ ಗಂಡುಗಳು ಅವಳು ಎಡಗೈಯಲ್ಲಿ ಉಣ್ಣುತ್ತಾಳೆ ಎಂದು ತಿಳಿದು ಎದ್ದು ಹೋದರು. ಕೊನೆಗೆ ಪಾವಗಡದ ಆಚೆ ತಿರುಮಣಿಯಲ್ಲಿ, ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದವನಿಗೆ ಕೊಟ್ಟರು. ಭಾವ ಒಳ್ಳೆಯವರು. ಆದರೆ ಅತ್ತೆ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ, "ಎಡಮಚೇತಿ ಕೋಡಲು" ಎಂದೇ ಕರೆಯುತ್ತಿದ್ದರು. ಎಡಗೈ ಸೊಸೆ. ಗಂಗಿ ಯಾವ ಮದುವೆಯಲ್ಲೂ ಪಂಕ್ತಿಯಲ್ಲಿ ಕೂತವಳಲ್ಲ. ಕೂತರೆ ಎಲ್ಲರ ಕಣ್ಣೂ ಅವಳ ಎಡಗೈಯ ಮೇಲೆ. ಅದಕ್ಕೆ ಬಡಿಸಲು ನಿಲ್ಲುತ್ತಿದ್ದಳು, ಆಮೇಲೆ ಅಡಿಗೆಯ ಶೆಡ್ಡಿನ ಹಿಂದೆ ಗೋಡೆಯ ಕಡೆ ಮುಖ ಮಾಡಿಕೊಂಡು ಉಣ್ಣುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೇ ಉಂಡಳು. ನಾನು ನೋಡಿದೆ. ನೋಡಿ ಬೀಗರ ಜೊತೆ ಮಾತಿಗೆ ಹೋದೆ.

ಹೇಳಬಹುದಾಗಿದ್ದ ದಿನಗಳು ಬೇಕಾದಷ್ಟಿದ್ದವು. ಅವಳ ಧಾರೆಯ ದಿನ, ಅಪ್ಪ ಹೋದ ದಿನ, ಅವ್ವ ಹೋದ ದಿನ. ಪ್ರತಿ ಸಲವೂ ಇವತ್ತು ಬೇಡ ಎನಿಸುತ್ತಿತ್ತು. ಅವಳು ನಗುನಗುತ್ತಲೇ ಇರುತ್ತಿದ್ದದ್ದೂ ನನಗೆ ಅನುಕೂಲವಾಯಿತು. "ನಾನು ಕೈ ಅಡ್ಡ ಹಿಡಿದ್ರೆ ಪಾವಗಡದ ಬಸ್ಸು ನಿಲ್ಲಲೇಬೇಕು. ಮಡಚ್ಕೊಂಡು ವಾಪಸ್ ತಗಳಾಕಾಗಲ್ಲ ಅಂತ ಡ್ರೈವರಿಗೂ ಗೊತ್ತು" ಎನ್ನುವಳು. ಅವರ ಹೊಲವೆಲ್ಲ ಈಗ ಸೋಲಾರ್ ಪಾರ್ಕಿಗೆ ಹೋಗಿದೆ. "ನಮ್ಮ ಹೊಲದ ಹಲಗೆಗಳ್ನೂ ಬಿಸಿಲು ಬಂದಂಗೆ ಬಾಗಿಸ್ತಾರೆ ಕಣಣ್ಣ. ನನ್ ಕೈ ಒಂದು ಬಾಗಲಿಲ್ಲ ನೋಡು" ಎಂದು ಹೋದ ವರ್ಷ ಹೇಳಿದಳು. ನಾನೂ ನಕ್ಕೆ. ಅಂಥವನು ನಾನು.

ನನ್ನ ಕೈಗೆ ಬ್ಯಾಂಡೇಜು ಹಾಕಿದ ಎಂಟನೆಯ ದಿನ ಅವಳು ನೋಡಲು ಬಂದಳು. ಚೀಲದಲ್ಲಿ ಹುರಿದ ಕಡಲೆಕಾಯಿ, ಹೋಳಿಗೆ. ಬಂದು ಕೂತವಳೇ ನನ್ನ ಕೈ ನೋಡಿದಳು. ಕಟ್ಟಿನೊಳಗೆ ಕಡಿತವಾಗಿ ನಾನು ಬೆರಳು ತೂರಿಸಲು ಹೆಣಗುತ್ತಿದ್ದೆ.

"ಅಣ್ಣಾ, ತೆಗಿ ಬೆರಳು!" ಎಂದು ಗದರಿದಳು. "ಕಡ್ಡಿ ಗಿಡ್ಡಿ ಹಾಕ್ಬುಟ್ಟೀಯ ಮತ್ತೆ. ನಾನು ಮಾಡಿದ ತಪ್ಪು ನೀನು ಮಾಡ್ಬ್ಯಾಡ. ನಮ್ಮೂರಾಗೆ ಯಾವ ಮಗೀಗೆ ಪಟ್ಟಿ ಹಾಕಿದ್ರೂ ನಾನು ಹೋಗಿ ಈ ಕೈ ತೋರ್ಸಿ ಬತ್ತೀನಿ. ಕೆರ್ಕೊಂಡ್ರೆ ಇಂಗಾಯ್ತೈತೆ ನೋಡ್ರಪ್ಪಾ ಅಂತ."

ಮೂಳೆಗೆ ನೋವಿಲ್ಲ, ಅದರ ಮೇಲಿನ ಪೊರೆಗೆ ನೋವು ಎಂದು ಮೇಷ್ಟ್ರು ಹೇಳುತ್ತಿದ್ದರು. ಅವತ್ತು ನನ್ನೊಳಗೆ ಯಾವ ಪೊರೆ ಹರಿಯಿತೋ ತಿಳಿಯದು.

"ಗಂಗೀ, ಕಡ್ಡಿಯಿಂದ ಆಗಿದ್ದಲ್ಲ ಅದು" ಎಂದೆ. "ನಾನು ನೆಟ್ಟಗೆ ಕಟ್ಟಿದ್ದಕ್ಕೆ ಆಗಿದ್ದು. ಮಡಚಿ ಕಟ್ಬೇಕಿತ್ತು. ಬೆಲ್ಲ ತಿನ್ನಿಸ್ಬೇಕಿತ್ತು. ಅವ್ವ ಹೇಳಿದ್ರೂ ನಾನು ಕೇಳ್ಲಿಲ್ಲ. ಅಪ್ಪನ ಹತ್ರ ನಿನ್ ಮೇಲೆ ಸುಳ್ಳು ಹೇಳ್ದೆ. ನೀನೇನೂ ಮಾಡ್ಲಿಲ್ಲ ಕಣವ್ವಾ."

ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಬಲಗೈ ತೊಡೆಯ ಮೇಲೆ ಚಾಚಿಕೊಂಡಿತ್ತು. ಸುಲಿಯುವುದು ನಿಂತಿತು.

"ಕಡ್ಡಿಯಿಂದ ಅಲ್ವಾ?"

"ಅಲ್ಲ."

"ಮತ್ತೆ ನಾನು ಇಷ್ಟು ವರ್ಷ..." ಎಂದವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಕೇಳಿದಳು: "ಅಪ್ಪನಿಗೆ ಗೊತ್ತಿತ್ತಾ?"

"ದಬ್ಬೆ ನೋಡಿದ ತಕ್ಷಣ ಗೊತ್ತಾಗಿರುತ್ತೆ."

"ಅದಕ್ಕಾ" ಎಂದಳು. "ಪ್ರಾಣ ಬಿಡೋ ದಿನ ನನ್ ಈ ಕೈ ಹಿಡ್ಕೊಂಡು ತಪ್ಪಾಯ್ತು ಕಣವ್ವಾ, ತಪ್ಪಾಯ್ತು ಅಂದ. ಏನು ತಪ್ಪು ಅಂತ ಹೇಳ್ಲಿಲ್ಲ. ಪ್ರಜ್ಞೆ ಇಲ್ದೆ ಅಂತಾನೆ ಅಂದ್ಕೊಂಡೆ."

ನಾನು ಹೇಳಬೇಕಾಗಿದ್ದ ಮಾತನ್ನು ಅಪ್ಪ ನನ್ನ ಹೆಸರು ಎತ್ತದೆ ಹೇಳಿ ಹೋಗಿದ್ದ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಗಂಗಿ ಎದ್ದಳು. ಸೊಸೆ ಎಲೆ ಹಾಕಿದ್ದಳು. "ಬ್ಯಾಡ ಕಣಮ್ಮ, ಬಸ್ಸು ಹೋಗ್ಬುಡ್ತೈತೆ" ಎಂದು ಎಡಗೈಯಲ್ಲಿ ಚೀಲ ಎತ್ತಿಕೊಂಡು ಹೊರಟಳು. ನಾನು ಬಾಗಿಲವರೆಗೆ ಹೋದೆ. ಅವಳು ತಿರುಗಿ ನೋಡಲಿಲ್ಲ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ಮೂರು ವಾರ ಅವಳ ಫೋನು ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಬ್ಯಾಂಡೇಜು ಬಿಚ್ಚಿದರು. ಕೈ ಬಿಚ್ಚಿದಷ್ಟಕ್ಕೇ ಮಡಚಲಿಲ್ಲ. ದಿನವೂ ಅಭ್ಯಾಸ ಮಾಡಬೇಕು ಎಂದರು ಡಾಕ್ಟರು. ಕೈ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ನಿಂತುಬಿಡುತ್ತಿತ್ತು. ಚಮಚ ಕೊಡಲು ಬಂದ ಸೊಸೆಗೆ ಬೇಡವೆಂದು, ಎಡಗೈಯಲ್ಲಿ ಮುದ್ದೆ ಮುರಿದು ಉಂಡೆ. ಯಾರೂ ನೋಡದಿದ್ದರೂ ಗೋಡೆಯ ಕಡೆ ತಿರುಗಿ ಕೂತೆ.

ಸೊಸೆ ತಿಳಿಸಿದ್ದಳೇನೋ, ಬಿಚ್ಚಿದ ಮಾರನೆಯ ದಿನ ಬೆಳಿಗ್ಗೆ ಗಂಗಿಯ ಫೋನು ಬಂತು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಕೈ ಬಾಯಿಗೆ ಬತ್ತೈತಾ?"

"ಇಲ್ಲ ಕಣವ್ವಾ. ನಾಕು ಬೆರಳು ದೂರ."

"ಬೆಲ್ಲ ಹಿಡ್ಕೊಂಡು ನೋಡು" ಎಂದು ಇಟ್ಟುಬಿಟ್ಟಳು.

ಅಂದಿನಿಂದ ದಿನವೂ ಒಂದು ಚೂರು ಬೆಲ್ಲ ಹಿಡಿದು ಈ ಕಿಟಕಿಯ ಮುಂದೆ ಕೂರುತ್ತೇನೆ. ಎದುರಿಗೆ ಎಕ್ಸ್‌ರೇ ಹಾಳೆ, ರಾಟೆ, ಕೊಕ್ಕೆ, ಆ ಕಪ್ಪು ಗೆರೆ. ದಿನವೂ ಫೋನು ಬರುತ್ತದೆ, ಒಂದೇ ಪ್ರಶ್ನೆ: "ಬಂತಾ?" ಮೂರು ಬೆರಳು ಎನ್ನುತ್ತೇನೆ. ಎರಡು ಎನ್ನುತ್ತೇನೆ. ಇಡುತ್ತಾಳೆ. ಬೇರೆ ಮಾತಿಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಇವತ್ತು ಬೆಳಿಗ್ಗೆ ಬೆಲ್ಲ ತುಟಿಗೆ ತಾಗಿತು. ನಾನು ಬಾಯಿ ತೆರೆಯಲಿಲ್ಲ. ಹಾಗೇ ಹಿಡಿದು ಕೂತೆ. ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಎತ್ತಿದೆ.

"ಬಂತಾ?"

ಇಲ್ಲ ಎಂದುಬಿಡೋಣ ಎನಿಸಿತು. ಬಾಯಿಗೆ ಕೈ ಬಾರದವಳಿಗೆ ಈ ಮಾತು ಹೇಗೆ ಹೇಳಲಿ? ಆದರೆ ಅವಳಿಗೆ ಮತ್ತೊಂದು ಸುಳ್ಳು ಹೇಳಲಾರದೆ ಹೋದೆ.

"ಬಂತು" ಎಂದೆ.

"ಮತ್ತೆ ಇನ್ನೇನ್ ನೋಡ್ತೀಯ?" ಎಂದಳು. "ತಿನ್ನಣ್ಣ."

ತಿಂದೆ. ಬೆಲ್ಲ ಬಾಯಲ್ಲಿ ನಿಧಾನವಾಗಿ ಕರಗಿತು. ಅಲ್ಲಿಯವರೆಗೂ ಅವಳು ಫೋನು ಇಡಲಿಲ್ಲ.